ಲಡಾಖ್ ಬೈಕ್ ಪ್ರವಾಸ: ದೊಡ್ಡ ಗುಂಪು, ಸಣ್ಣ ತಂಡ, ಬಾಡಿಗೆ ಗಾಡಿ – ಮೂರನ್ನೂ ಓಡಿಸಿ ನೋಡಿದ ಮೇಲೆ

ಲಡಾಖ್‌ಗೆ ಬೈಕಿನಲ್ಲಿ ಹೋಗಬೇಕು ಅಂದುಕೊಂಡವರು ಮೊದಲು ಖರ್ಚೆಷ್ಟು ಅಂತ ಕೇಳುತ್ತಾರೆ, ಆಮೇಲೆ ಯಾವ ಗಾಡಿ ಅಂತ. ಎರಡನೇ ರಾತ್ರಿ ಎಲ್ಲಿ ಮಲಗಿಸುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಪ್ರವಾಸ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಮನಾಲಿಯಿಂದ ದೊಡ್ಡ ಗುಂಪಿನ ಜೊತೆ, ಲಡಾಖ್‌ನದೇ ಭಾಗವಾದ ಝನ್ಸ್ಕಾರ್ ಕಡೆಗೆ ಸ್ಥಳೀಯ ಮಾರ್ಗದರ್ಶಿಯ ಸಣ್ಣ ತಂಡದ ಜೊತೆ, ಲೇಹ್‌ನಲ್ಲಿ ಬಾಡಿಗೆ ಗಾಡಿ ಹಿಡಿದು ನಾವೇ – ಹೀಗೆ ಮೂರು ರೀತಿಯಲ್ಲೂ ಹೋಗಿ ಬಂದವನ ಅಭಿಪ್ರಾಯ ಇದು.

ದೊಡ್ಡ ಗುಂಪಿನ ಪ್ರವಾಸ ಎಲ್ಲರಿಗೂ ಗೊತ್ತಿರುವಂಥದ್ದೇ. ಮುಂದೆ ಲೀಡ್ ರೈಡರ್, ಕೊನೆಯಲ್ಲಿ ಹಿಂದುಳಿದವರನ್ನು ನೋಡಿಕೊಳ್ಳುವ ಸ್ವೀಪ್ ರೈಡರ್, ಹಿಂದೆ ಲಗೇಜ್ ಮತ್ತು ಮೆಕ್ಯಾನಿಕ್ ಇರುವ ಬ್ಯಾಕಪ್ ಗಾಡಿ. ಮನಾಲಿಯಿಂದ ಲೇಹ್‌ಗೆ ಈಗ ಸುಮಾರು 430 ಕಿ.ಮೀ. 2020ರ ಅಕ್ಟೋಬರ್‌ನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತಿ ಇಳಿಯುವ ಪಾಡು ತಪ್ಪಿದೆ. ಹೀಗೆ ಉಳಿದ ಹೊತ್ತನ್ನು ವಿಶ್ರಾಂತಿಗೆ ಬಿಡಬಹುದಿತ್ತು. ನಾವು ಹೋದ ಗುಂಪಿನಲ್ಲಿ ಮೊದಲ ರಾತ್ರಿ ಜಿಸ್ಪಾ, ಎರಡನೇ ರಾತ್ರಿ ಸರ್ಚು. ಜಿಸ್ಪಾ ಇರುವುದು ಸುಮಾರು 3,200 ಮೀಟರ್ ಎತ್ತರದಲ್ಲಿ, ಸರ್ಚು 4,290 ಮೀಟರ್‌ನಲ್ಲಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ ಅನ್ನುವುದು ವೈದ್ಯರ ಸಾಮಾನ್ಯ ಸಲಹೆ. ಇಲ್ಲಿ ಒಂದೇ ದಿನಕ್ಕೆ ಅದರ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಮಧ್ಯೆ 4,890 ಮೀಟರ್‌ನ ಬಾರಾಲಾಚಾ ಲಾ ಬೇರೆ (ಲಾ ಅಂದರೆ ಪರ್ವತ ದಾಟುವ ಪಾಸ್).

ಆ ರಾತ್ರಿ ಡೇರೆಯಲ್ಲಿ ಊಟ ಮುಟ್ಟಿದವರು ಕಡಿಮೆ. ತಲೆ ಸಿಡಿತ, ವಾಕರಿಕೆ, ನಿದ್ದೆ ಹತ್ತಿದರೂ ಉಸಿರು ಸಿಕ್ಕಂತಾಗಿ ಎದ್ದು ಕೂರುವುದು. ಲೀಡ್ ರೈಡರ್ ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಹಂಚಿ, ಬೆಳಿಗ್ಗೆ ಸರಿಹೋಗುತ್ತೆ ಎಂದರು. ಬೆಳಿಗ್ಗೆ ಎದುರಾದದ್ದು 21 ತಿರುವುಗಳ ಗಾಟಾ ಲೂಪ್ಸ್. ಆಗುಂಬೆಯ 14 ತಿರುವುಗಳನ್ನು ಹಾಡುತ್ತಾ ಏರುವವರು ಕೂಡ ನಿದ್ದೆಗೆಟ್ಟು, ಹೊಟ್ಟೆ ಖಾಲಿ ಇಟ್ಟುಕೊಂಡು ಆ ಎತ್ತರದಲ್ಲಿ ಗಾಡಿ ತಿರುಗಿಸುವಾಗ ಮಂಕಾಗುತ್ತಾರೆ. ಅಪಘಾತ ಆಗುವುದು ಇಂಥ ಹೊತ್ತಿನಲ್ಲೇ. ಇಪ್ಪತ್ತು ಜನರ ಗುಂಪಿನಲ್ಲಿ ಒಬ್ಬರಿಗೆ ಆಗಲಿಲ್ಲ ಅಂತ ವೇಳಾಪಟ್ಟಿ ನಿಲ್ಲುವುದಿಲ್ಲ. ಮುಂದಿನ ಊರಿನ ರೂಮು ಮೊದಲೇ ಬುಕ್ ಆಗಿರುತ್ತದೆ.

ಹಾಗಂತ ಬ್ಯಾಕಪ್ ಗಾಡಿಯನ್ನು ಹಗುರವಾಗಿ ನೋಡಲಾರೆ. ಮೋರೆ ಬಯಲಿನಲ್ಲಿ ನಮ್ಮವರೊಬ್ಬರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಕಡ್ಡಿ ಚಕ್ರ, ಒಳಗೆ ಟ್ಯೂಬ್. ಮೆಕ್ಯಾನಿಕ್ ಹುಡುಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತಿ, ಗಾಳಿಗೆ ಬೀಳದಂತೆ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಚಕ್ರ ಬಿಚ್ಚಿ, ಟೈರಿನ ಒಳಮೈಯನ್ನೆಲ್ಲ ಬೆರಳಿನಿಂದ ಸವರಿ, ಚುಚ್ಚಿದ್ದ ಮೊಳೆಯ ತುಂಡನ್ನು ಕಿತ್ತು, ಪೌಡರ್ ಹಚ್ಚಿದ ಹೊಸ ಟ್ಯೂಬ್ ಕೂರಿಸಿದ. ಬ್ಯಾಕಪ್ ಗಾಡಿಯ ಬ್ಯಾಟರಿಗೆ ಪಂಪ್ ಸಿಕ್ಕಿಸಿ ಗಾಳಿ ತುಂಬಿದ. ಎಲ್ಲ ಸೇರಿ ಅರ್ಧ ಗಂಟೆ. ಸುತ್ತ ಕಣ್ಣಳತೆಯಲ್ಲಿ ಒಂದು ಅಂಗಡಿ ಇಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಪೆಟ್ರೋಲ್ ಚಿಂತೆಯನ್ನೂ ಅದೇ ಗಾಡಿ ಹೊರುತ್ತದೆ. ಮುಂದಿನ ಬಂಕ್ 365 ಕಿ.ಮೀ. ಎಂದು ತಾಂಡಿಯ ಬಂಕಿನಲ್ಲಿ ಬರೆದಿರುವ ಫಲಕ ಸುಮ್ಮನೆ ಫೋಟೋಕ್ಕೆ ಇರುವುದಲ್ಲ. ಲೇಹ್‌ಗೆ 35 ಕಿ.ಮೀ. ಮುಂಚೆ ಕಾರುವಿನಲ್ಲಿ ಬಂಕ್ ಇದೆ ನಿಜ, ಆದರೆ ಅಲ್ಲಿವರೆಗೆ ಮುಟ್ಟಬೇಕಲ್ಲ.

ಇನ್ನೊಂದು ವಿಷಯವನ್ನು ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ. ಮನಾಲಿಯಲ್ಲಿ ಬಾಡಿಗೆಗೆ ತೆಗೆದುಕೊಂಡ ಬೈಕನ್ನು ಲೇಹ್ ದಾಟಿ ನುಬ್ರಾ, ಪ್ಯಾಂಗಾಂಗ್ ಕಡೆ ಓಡಿಸಲು ಅಲ್ಲಿನ ಬಾಡಿಗೆ ಬೈಕಿನವರ ಸಂಘ ಬಿಡುವುದಿಲ್ಲ. ಅಲ್ಲಿಂದ ಮುಂದಕ್ಕೆ ಲೇಹ್ ಗಾಡಿಯನ್ನೇ ಹಿಡಿಯಬೇಕು. ಆ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲವೋ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು.

ಝನ್ಸ್ಕಾರ್ ಪ್ರವಾಸದ ಧಾಟಿಯೇ ಬೇರೆ. ದಾರ್ಚಾದಲ್ಲಿ ಲೇಹ್ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿ, 5,091 ಮೀಟರ್‌ನ ಶಿಂಕು ಲಾ ಹತ್ತಿ ಪದುಮ್‌ಗೆ ಇಳಿಯುವ ದಾರಿ. ನಿಮ್ಮು–ಪದುಮ್–ದಾರ್ಚಾ ರಸ್ತೆ ಪೂರ್ತಿ ಕೂಡಿಕೊಂಡದ್ದು 2024ರಲ್ಲಿ. ನಮ್ಮ ಜೊತೆ ಬಂದ ಮಾರ್ಗದರ್ಶಿ ಆ ಕಡೆಯವರೇ, ಸ್ವತಃ ಮೆಕ್ಯಾನಿಕ್ ಕೂಡ. ತಂಡದಲ್ಲಿ ಬೆರಳೆಣಿಕೆಯಷ್ಟು ಜನ, ಬ್ಯಾಕಪ್ ಗಾಡಿ ಇಲ್ಲ, ಅವರವರ ಲಗೇಜ್ ಅವರವರ ಬೈಕಿಗೆ. ಜಿಸ್ಪಾದಲ್ಲಿ ಎರಡು ರಾತ್ರಿ ಕೂರಿಸಿದರು. ಮೊದಲ ದಿನ ಸುಮ್ಮನೆ ಕೂತು ಬೇಜಾರು ಎಂದವರೇ, ಪಾಸ್ ಮೇಲೆ ನಿಂತಾಗ ಯಾರಿಗೂ ತಲೆನೋವಿಲ್ಲದ್ದನ್ನು ಕಂಡು ಅವರಿಗೆ ಕೈಮುಗಿದರು. ಪಾಸ್ ದಾಟಿದ ದಿನ ಮೇಲೆಲ್ಲೂ ತಂಗಲಿಲ್ಲ. ಗೊಂಬೋ ರಂಗ್‌ಜೋನ್ ಬೆಟ್ಟದ ಬುಡ ಹಾದು, ಪುರ್ನೆ ಕಡೆಗೆ ಇಳಿದೇ ಮಲಗಿದೆವು. ಮಾರನೆ ದಿನ ಗಾಡಿ ಅಲ್ಲೇ ಬಿಟ್ಟು ಫುಗ್ತಾಲ್ ಗೊಂಪಾಕ್ಕೆ (ಬೌದ್ಧ ಮಠ) ನಡಿಗೆ.

ಹೊಳೆ ದಾಟುವುದನ್ನು ಅವರಿಂದ ಕಲಿತೆ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ನಾಲಾಗಳ ನೀರು ಏರುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿಸುತ್ತಿದ್ದರು. ಪ್ರತಿ ನಾಲಾಕ್ಕೂ ಮೊದಲು ತಾವೇ ಇಳಿದು, ಕೋಲಿನಿಂದ ತಳದ ಕಲ್ಲು ತಡವಿ, ಎಲ್ಲಿ ಹಾಯಬೇಕೆಂದು ಗುರುತು ಹೇಳುತ್ತಿದ್ದರು. ಫಸ್ಟ್ ಗೇರ್, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಒಂದೇ ಸಮ, ಕಣ್ಣು ಆಚೆ ದಡದ ಮೇಲೆ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ದೊಡ್ಡ ಗುಂಪಿನಲ್ಲಿ ಇದನ್ನು ಹೇಳಿಕೊಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ನುಗ್ಗಿ, ಬಿದ್ದರೆ ಎತ್ತುತ್ತೇವೆ ಅನ್ನುವ ಲೆಕ್ಕ. ಇಲ್ಲಿ ತಲಾ ಖರ್ಚು ಹೆಚ್ಚು ಬಂತು, ರಾತ್ರಿ ತಂಗುವುದು ಊರವರ ಮನೆಯಲ್ಲಿ, ಬಿಸಿನೀರು ಕೇಳಿದಾಗ ಸಿಗುವುದಿಲ್ಲ. ಆದರೂ ಮೂರರಲ್ಲಿ ನನಗೆ ಇದೇ ಮೇಲು.

ನಾವೇ ಹೋದದ್ದರ ಬಗ್ಗೆ ಹೇಳುವುದು ಸ್ವಲ್ಪವೇ. ವಿಮಾನದಲ್ಲಿ ನೇರ ಲೇಹ್‌ಗೆ, ಅಂದರೆ ಕೆಲವೇ ಗಂಟೆಗಳಲ್ಲಿ 3,500 ಮೀಟರ್‌ಗೆ ಏರಿಬಿಡುತ್ತೀರಿ. ಎರಡು ದಿನ ಕದಲದೆ ಬಿದ್ದುಕೊಂಡರೆ ಮಿಕ್ಕದ್ದು ಸಲೀಸು. ಇದರಲ್ಲಿ ಖರ್ಚೂ ಕಡಿಮೆ. ಬಾಡಿಗೆ ಗಾಡಿಯ ಬ್ರೇಕ್ ಪ್ಯಾಡ್, ಚೈನ್, ಕ್ಲಚ್ ಕೇಬಲ್ ನೋಡಿ, ಒಂದು ಏರು ಹತ್ತಿಸಿ ನೋಡಿ, ಸ್ಪೇರ್ ಟ್ಯೂಬ್ ಇಸಿದುಕೊಂಡೇ ಹೊರಡಿ. ನಮ್ಮೂರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಲೇಹ್‌ನಿಂದ ಹಾನ್ಲೆ ಹಳ್ಳಿಗೆ ಹೋಗಿ ಬರುವುದೇ ಐನೂರು ಕಿ.ಮೀ. ದಾಟುತ್ತದೆ. ಹಿಮಾಲಯನ್ 411ರ ಟ್ಯಾಂಕ್ 15 ಲೀಟರ್, ಮೂವತ್ತರ ಮೈಲೇಜ್ ಹಿಡಿದರೂ ಸಾಲದು. ಕಾರುವಿನಲ್ಲಿ ಟ್ಯಾಂಕ್ ತುಂಬಿಸಿ ಮೇಲೊಂದು ಕ್ಯಾನ್ ಕಟ್ಟಿಕೊಳ್ಳಬೇಕು.

ಹಾನ್ಲೆಗಾಗಿಯೇ ನಾನು ಈ ರೀತಿಯನ್ನು ಆರಿಸುತ್ತೇನೆ. ಅಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಎರಡು ಮೀಟರ್‌ನ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಗುಂಪಿನ ಪ್ರವಾಸಗಳು ಹಾನ್ಲೆಯನ್ನು ಉಮ್ಲಿಂಗ್ ಲಾಕ್ಕೆ ಹೋಗುವ ದಾರಿಯ ರಾತ್ರಿ ತಂಗುದಾಣವೆಂದಷ್ಟೇ ನೋಡುತ್ತವೆ. ನಕ್ಷತ್ರ ನೋಡಲೆಂದು ಅಮಾವಾಸ್ಯೆ ನೋಡಿಕೊಂಡು ಹೋಗಿ, ಮೋಡ ಕವಿದರೆ ಇನ್ನೊಂದು ರಾತ್ರಿ ಕಾಯುವ ಸ್ವಾತಂತ್ರ್ಯ ನಮ್ಮದೇ ಗಾಡಿಯಲ್ಲಿ ಮಾತ್ರ.

ಹಿಂದೆ ಕೂರುವವರು ಇದ್ದರೆ ಮಾತ್ರ ನನ್ನ ಲೆಕ್ಕ ಬದಲಾಗುತ್ತದೆ. ಕಲ್ಲು ರಸ್ತೆಯಲ್ಲಿ ಸೊಂಟ ಸೋಲುವುದು ಓಡಿಸುವವರಿಗಿಂತ ಅವರಿಗೇ ಹೆಚ್ಚು, ಮತ್ತು ಇಬ್ಬರನ್ನು ಹೊತ್ತು ನಾಲಾ ದಾಟುವುದು ಯಾವ ಗಾಡಿಗೂ ಕಷ್ಟ. ಆಗ ಬ್ಯಾಕಪ್ ಗಾಡಿ ಇರುವ ಪ್ರವಾಸವನ್ನೇ ಹಿಡಿಯಿರಿ. ಸರ್ಚುವಿನ ರಾತ್ರಿ ಬಿಟ್ಟು ಜಿಸ್ಪಾದಲ್ಲೇ ಇನ್ನೊಂದು ರಾತ್ರಿ ಕೊಡಿ, ಅಲ್ಲಿಂದ ಮುಂಜಾನೆ ಹೊರಟು ಒಂದೇ ಓಟಕ್ಕೆ ಲೇಹ್ ಸೇರುತ್ತೇವೆ ಎಂದು ಕೇಳಿ. ಒಪ್ಪುವವರು ಸಿಗುತ್ತಾರೆ, ಒಪ್ಪದವರಿಗೆ ಮುಂಗಡ ಕೊಡಬೇಡಿ.