ಮಾರಾಟಕ್ಕೆ ಮುನ್ನ ಮನೆಯನ್ನು ಅಣಿಗೊಳಿಸುವ ಸೇವೆ: ತಪಾಸಣೆಗೆ ಮೆಚ್ಚುಗೆ, ಅಲಂಕಾರಕ್ಕೆ ಆಕ್ಷೇಪ

ನಾವು ಬಹುಕಾಲ ವಾಸವಿದ್ದ ಮನೆಯನ್ನು ಮಾರಲು ನಿರ್ಧರಿಸಿದಾಗ, ಅದನ್ನು ಮಾರಾಟಕ್ಕೆ ಅಣಿಗೊಳಿಸಿಕೊಡುವ ಸೇವೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಬಳಸಿಕೊಂಡೆವು. ಕಟ್ಟಡದ ತಪಾಸಣೆ, ದುರಸ್ತಿಯ ಉಸ್ತುವಾರಿ, ಬೇಡದ ಸಾಮಾನುಗಳ ವಿಲೇವಾರಿ, ಮೂಲೆಮೂಲೆಯ ಸ್ವಚ್ಛತೆ, ಪೀಠೋಪಕರಣಗಳ ಮರುಜೋಡಣೆ, ಛಾಯಾಚಿತ್ರ, ದಾಖಲೆಗಳ ಕಡತ, ಇಷ್ಟನ್ನೂ ಒಂದೇ ಗುತ್ತಿಗೆಯಲ್ಲಿ ಮಾಡಿಕೊಡುವುದು ಆ ಸಂಸ್ಥೆಯ ಪದ್ಧತಿ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಈ ಸೇವೆಯ ನಿಜವಾದ ಬೆಲೆ ಇರುವುದು ತಪಾಸಣೆ ಮತ್ತು ದಾಖಲೆಗಳ ಕೆಲಸದಲ್ಲಿ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಅಲಂಕಾರದ ಭಾಗದಲ್ಲಲ್ಲ.

ತಪಾಸಣೆಗೆ ಬಂದ ತಂತ್ರಜ್ಞರು ಮೊದಲು ನೋಡಿದ್ದು ಮನೆಯ ಒಳಭಾಗವನ್ನಲ್ಲ, ತಾರಸಿಯನ್ನು ಮತ್ತು ಮಳೆನೀರು ಇಳಿಯುವ ಕೊಳವೆಗಳನ್ನು. ಮನೆಗೆ ಬರುವ ಕೇಡುಗಳಲ್ಲಿ ಹೆಚ್ಚಿನವು ನೀರಿನಿಂದಲೇ ಬರುವುದರಿಂದ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿಯುತ್ತದೆ, ಇಳಿದ ಮೇಲೆ ಅಡಿಪಾಯದಿಂದ ದೂರ ಹರಿದುಹೋಗುತ್ತದೆಯೇ ಎಂಬುದನ್ನು ತಿಳಿದುಕೊಂಡೇ ಗೋಡೆಗಳತ್ತ ತಿರುಗಬೇಕು ಎಂಬುದು ಅವರ ಕ್ರಮ, ಮತ್ತು ಅದು ಸರಿಯಾದ ಕ್ರಮ. ಅನಂತರ ತೇವಮಾಪಕವನ್ನು ಹಿಡಿದು ಸ್ನಾನದ ಮನೆಯ ಹಿಂಬದಿಯ ಗೋಡೆ, ಕಿಟಕಿಯ ಕೆಳಭಾಗ, ಮೂಲೆಗಳು, ಎಲ್ಲವನ್ನೂ ಪರಿಶೀಲಿಸಿದರು. ಎರಡು ಮೊನೆಗಳ ಈ ಉಪಕರಣ ಅಳೆಯುವುದು ಮೊನೆಗಳ ನಡುವಿನ ವಿದ್ಯುತ್ ರೋಧವನ್ನು. ಅದರಲ್ಲಿ ಕಾಣುವ ಶೇಕಡಾವಾರು ಅಂಕಿ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಬಾಗಿಲ ಚೌಕಟ್ಟಿನಲ್ಲಿ ಅದು ಶೇಕಡಾ 20ನ್ನು ಮೀರಿದರೆ ಶಿಲೀಂಧ್ರ ತಗಲಿ ಮರ ಕೊಳೆಯುವ ಭಯವಿರುತ್ತದೆ. ಗಾರೆಯ ಗೋಡೆಯ ಮೇಲಾದರೋ ಅದೇ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ, ಏಕೆಂದರೆ ಗಾರೆಯಲ್ಲಿ ಸೇರಿಕೊಂಡ ಲವಣಗಳೂ ವಿದ್ಯುತ್ತಿಗೆ ದಾರಿಮಾಡಿಕೊಟ್ಟು ಅಂಕಿಯನ್ನು ಏರಿಸುತ್ತವೆ. ಈ ಮಿತಿಯನ್ನು ತಂತ್ರಜ್ಞರು ತಾವಾಗಿಯೇ ವಿವರಿಸಿ, ಒಣಗಿದ ಗೋಡೆಯೊಂದರ ಅಂಕಿಯನ್ನು ಪಕ್ಕದಲ್ಲಿ ಬರೆದು, ಹೋಲಿಕೆಯಿಂದ ಮಾತ್ರ ತೀರ್ಮಾನಕ್ಕೆ ಬಂದರು. ಶಾಖದ ಕ್ಯಾಮೆರಾ ಬಳಸಿದಾಗಲೂ ಅದೇ ಪ್ರಾಮಾಣಿಕತೆ ಕಂಡಿತು. ಆ ಕ್ಯಾಮೆರಾ ಗೋಡೆಯ ಒಳಗನ್ನು ಕಾಣುವುದಿಲ್ಲ. ಮೇಲ್ಮೈಯ ಉಷ್ಣತೆಯನ್ನಷ್ಟೇ ತೋರಿಸುತ್ತದೆ. ತೇವ ಆವಿಯಾಗುವಲ್ಲಿ ಗೋಡೆ ತಣ್ಣಗಿರುವುದರಿಂದ ಆ ಭಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ತಣ್ಣಗಿರುವುದೆಲ್ಲ ತೇವವಲ್ಲವಾದ್ದರಿಂದ, ಸಂಶಯದ ಪ್ರತಿ ಜಾಗವನ್ನೂ ಮತ್ತೆ ತೇವಮಾಪಕದಿಂದ ಪರೀಕ್ಷಿಸಿದರು.

ಬಿರುಕುಗಳ ವಿಷಯದಲ್ಲಿ ನಮಗೆ ದೊರೆತ ವಿವರಣೆ ಎಲ್ಲ ಮಾರಾಟಗಾರರಿಗೂ ಉಪಯೋಗವಾಗುವಂಥದು. ಗಾರೆ ಒಣಗಿ ಕುಗ್ಗುವಾಗ ಮೂಡುವ, 1 ಮಿಲಿಮೀಟರಿಗಿಂತ ಕಿರಿದಾದ ಕೂದಲೆಳೆಯ ಬಿರುಕುಗಳಿಗೆ ಲಪ್ಪ (ಪುಟ್ಟಿ) ಹಚ್ಚಿ ಬಣ್ಣ ಬಳಿದರೆ ಸಾಕು. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗುತ್ತ ಹೋಗುವ ಬಿರುಕು, ಅದರಲ್ಲೂ 5 ಮಿಲಿಮೀಟರನ್ನು ದಾಟಿದ್ದರೆ, ಅಡಿಪಾಯ ಕುಸಿದಿರುವುದರ ಸೂಚನೆಯಾಗಿರಬಹುದು. ಅದನ್ನು ಕಟ್ಟಡದ ಇಂಜಿನಿಯರ್ ನೋಡಿಯೇ ಹೇಳಬೇಕು. ಬಿರುಕು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದು ಅದರ ಅಗಲಕ್ಕಿಂತಲೂ ಮುಖ್ಯ. ಅದನ್ನು ತಿಳಿಯಲು ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡುವುದಕ್ಕಿಂತ ಸುಲಭದ ಉಪಾಯವಿಲ್ಲ. ಮಾರಾಟದ ಯೋಚನೆ ಹುಟ್ಟಿದ ದಿನವೇ ಈ ಕೆಲಸ ಮಾಡಿಟ್ಟರೆ, ಕೊಳ್ಳುವವರು ಕೇಳುವ ಹೊತ್ತಿಗೆ ತೋರಿಸಲು ಪುರಾವೆ ಸಿದ್ಧವಿರುತ್ತದೆ.

ಇಷ್ಟು ಚೆನ್ನಾಗಿ ತಪಾಸಣೆ ನಡೆಸಿದ ಸಂಸ್ಥೆಯ ಇನ್ನೊಂದು ವಿಭಾಗ, ತೇವ ಕಂಡುಬಂದ ಗೋಡೆಗೆ ನೀರುನಿರೋಧಕ ಬಣ್ಣ ಬಳಿದು ಮುಂದುವರಿಯೋಣ ಎಂದು ಸಲಹೆ ಮಾಡಿದ್ದನ್ನು ನಾನು ಒಪ್ಪಲಾರೆ. ತೇವದ ಮೂಲವನ್ನು ಮುಚ್ಚದೆ ಒಳಗಿನಿಂದ ಬಣ್ಣ ಬಳಿದರೆ ನೀರು ಹೊರಬರಲಾಗದೆ ಗೋಡೆಯಲ್ಲೇ ಉಳಿಯುತ್ತದೆ. ಲವಣಗಳು ಮೇಲ್ಮೈಗೆ ಬಂದು ಹರಳುಗಟ್ಟಿ ಬಣ್ಣವನ್ನು ಉಬ್ಬಿಸುತ್ತವೆ, ಗಾರೆ ಹುಡಿಹುಡಿಯಾಗಿ ಉದುರತೊಡಗುತ್ತದೆ. ಇದರ ಫಲವನ್ನು ಅನುಭವಿಸುವವರು ಮನೆ ಕೊಂಡವರು. ನಾವು ಅದಕ್ಕೆ ಒಪ್ಪದೆ, ಸೋರುತ್ತಿದ್ದ ಕೊಳವೆಯನ್ನು ಬದಲಿಸಿ, ಹಾಳಾದ ಗಾರೆಯನ್ನು ಕೆತ್ತಿ ತೆಗೆಸಿ, ಹೊಸದಾಗಿ ಹಾಕಿಸಿದೆವು. ಹೊಸ ಸಿಮೆಂಟ್ ಗಾರೆ ಹದವಾಗಿ ಒಣಗಲು ಸುಮಾರು 4 ವಾರ ಬೇಕಾಗುವುದರಿಂದ ಇಡೀ ವೇಳಾಪಟ್ಟಿ ಹಿಂದೆ ಬಿತ್ತು. ವೇಳಾಪಟ್ಟಿಯನ್ನು ಉಳಿಸಿಕೊಳ್ಳುವುದೇ ಆ ಸಲಹೆಯ ಕಾರಣವಾಗಿತ್ತೆಂದು ನನಗೆ ಅನ್ನಿಸುತ್ತದೆ. ದುರಸ್ತಿಗೆ ಬೇಕಾದ ಕಾಲವನ್ನು ಮೊದಲ ಭೇಟಿಯಲ್ಲೇ ಲೆಕ್ಕಕ್ಕೆ ಹಿಡಿದಿದ್ದರೆ ಇಂಥ ಸಲಹೆ ಕೊಡುವ ಒತ್ತಡವೇ ಬರುತ್ತಿರಲಿಲ್ಲ.

ದೋಷವನ್ನು ಮುಚ್ಚಿಡುವುದು ಮಾರುವವರಿಗೆ ಲಾಭ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದಕ್ಕೆ ವಿರುದ್ಧವಾದುದನ್ನು ತೋರಿಸಿದರು. ಒಳಗಿನ ಸ್ಥಿತಿ ಮಾರುವವನಿಗೆ ಮಾತ್ರ ಗೊತ್ತಿರುವಲ್ಲಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಕೊಳ್ಳುವವನು ಬೇರ್ಪಡಿಸಲಾರ. ಹಾಗಾಗಿ ಅವನು ಎಲ್ಲದಕ್ಕೂ ಸಂಶಯದ ಬೆಲೆಯನ್ನೇ ಕಟ್ಟುತ್ತಾನೆ, ಒಳ್ಳೆಯ ವಸ್ತುವಿನ ಒಡೆಯನಿಗೂ ನ್ಯಾಯವಾದ ಬೆಲೆ ಸಿಗುವುದಿಲ್ಲ. ಮನೆಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ಕೊಳ್ಳುವವರು ಅರ್ಧ ಗಂಟೆಯ ಭೇಟಿಯಲ್ಲಿ ನೋಡಿದ್ದನ್ನು ನಂಬಿ ಜೀವಮಾನದ ಉಳಿತಾಯವನ್ನು ಹೂಡುತ್ತಾರೆ. ಸೋರಿಕೆ ಎಲ್ಲಿತ್ತು, ಏಕೆ ಬಂತು, ಏನು ಮಾಡಲಾಯಿತು, ಈಗಿನ ತೇವದ ಅಂಕಿ ಎಷ್ಟು ಎಂಬುದನ್ನು ಛಾಯಾಚಿತ್ರ ಸಮೇತ ಬರೆದ ವರದಿಯನ್ನು ನಾವು ಬಂದವರ ಕೈಗೆ ಕೊಟ್ಟೆವು. ಆ ಗೋಡೆಯ ಬಗ್ಗೆ ಚೌಕಾಸಿ ನಡೆಯಲೇ ಇಲ್ಲ.

ಸ್ವಚ್ಛತೆಯ ತಂಡದ ಕೆಲಸಕ್ಕೂ ನನ್ನ ಮೆಚ್ಚುಗೆಯಿದೆ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ, ಸದಾ ಇರುವ ವಾಸನೆಯನ್ನು ಮೂಗು ಬೇಗನೆ ಗಮನಿಸದಾಗುತ್ತದೆ. ಅವರು ಸುಗಂಧ ಸಿಂಪಡಿಸುವ ಬದಲು ಮೂಲವನ್ನು ಹುಡುಕಿದರು. ಬಳಕೆಯಿಲ್ಲದ ಸ್ನಾನದ ಮನೆಯೊಂದರಲ್ಲಿ ಬಚ್ಚಲಿನ ಕೊಳವೆಯ ಬಾಗಿದ ಭಾಗದಲ್ಲಿ ನಿಲ್ಲಬೇಕಾದ ನೀರು ಆರಿಹೋಗಿ, ಚರಂಡಿಯ ಗಾಳಿ ಒಳಗೆ ಬರುತ್ತಿತ್ತು. ಒಂದು ತಂಬಿಗೆ ನೀರು ಸುರಿದದ್ದೇ ಪರಿಹಾರವಾಯಿತು. ಮನೆ ಖಾಲಿಯಾಗಿದ್ದರೆ ಆಗಾಗ ನೀರು ಸುರಿಯುತ್ತಿರಬೇಕೆಂದು ಹೇಳಿಹೋದರು.

ಅಲಂಕಾರದ ಹಂತದಲ್ಲಿ ನನ್ನ ಅಸಮಾಧಾನ ಹೆಚ್ಚು. ಬೇಡದ್ದನ್ನು ತೆಗೆಯಬೇಕು ಎಂಬ ತತ್ತ್ವ ಒಪ್ಪತಕ್ಕದ್ದೇ. ನಡೆಯುವ ದಾರಿ, ಕಿಟಕಿಯ ಮುಂಭಾಗ, ಕಪಾಟುಗಳ ಒಳಗಿನ ಅರ್ಧ ಜಾಗ ಖಾಲಿಯಾದರೆ ಕೋಣೆಯ ನಿಜವಾದ ಅಳತೆ ಕಾಣುತ್ತದೆ, ಮತ್ತು ಕಪಾಟಿನಲ್ಲಿ ಜಾಗವಿದೆ ಎಂಬುದು ನೋಡಲು ಬಂದವರಿಗೆ ತಾನಾಗಿಯೇ ಮನವರಿಕೆಯಾಗುತ್ತದೆ. ಆದರೆ ಬಾಡಿಗೆಯ ಪೀಠೋಪಕರಣಗಳನ್ನು ತರುವಾಗ ಸಾಮಾನ್ಯ ಅಳತೆಗಿಂತ ಚಿಕ್ಕದಾದ ಮಂಚವನ್ನು ತಂದು, ಕೋಣೆ ದೊಡ್ಡದೆಂದು ತೋರುವಂತೆ ಮಾಡಿದ್ದು ಸಲ್ಲದ ಕೆಲಸ. ಕೊಂಡವರು ತಮ್ಮ ಮಂಚವನ್ನು ತಂದಾಗ ಬಾಗಿಲು ತೆರೆಯದಿದ್ದರೆ ಆ ಕೋಪಕ್ಕೆ ಯಾರು ಉತ್ತರ ಹೇಳಬೇಕು? ನಮ್ಮ ಹಳೆಯ ಮಂಚವೇ ಮತ್ತೆ ಅಲ್ಲಿಗೆ ಬಂತು, ಕೋಣೆ ಚೆನ್ನಾಗಿಯೇ ಕಂಡಿತು. ಮನೆಯವರ ಭಾವಚಿತ್ರಗಳನ್ನೆಲ್ಲ ಇಳಿಸುವಂತೆ ಅವರು ಹೇಳಿದ್ದು ಮನಸ್ಸಿಗೆ ಕಷ್ಟವಾದರೂ ಸರಿಯಾದ ಮಾತು. ಬಂದವರು ತಮ್ಮ ಬದುಕನ್ನು ಅಲ್ಲಿ ಕಲ್ಪಿಸಿಕೊಳ್ಳಬೇಕು, ಜೊತೆಗೆ ಅಪರಿಚಿತರು ಓಡಾಡುವ ಕಾಲದಲ್ಲಿ ಕುಟುಂಬದ ಖಾಸಗಿತನವೂ ಉಳಿಯುತ್ತದೆ.

ದೀಪಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಒಂದೇ ಕೋಣೆಯಲ್ಲಿ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪವೂ 6500 ಕೆಲ್ವಿನ್‌ನ ನೀಲಿ ಬಿಳುಪಿನ ದೀಪವೂ ಉರಿಯುತ್ತಿದ್ದರೆ, ಕಣ್ಣು ಹೊಂದಿಕೊಂಡರೂ ಕ್ಯಾಮೆರಾ ಹೊಂದಿಕೊಳ್ಳಲಾರದು. ಗೋಡೆಯ ಒಂದು ಬದಿ ಕೊಳೆಯಾದಂತೆ, ಇನ್ನೊಂದು ಬದಿ ಪೇಲವವಾಗಿ ಚಿತ್ರದಲ್ಲಿ ಬೀಳುತ್ತದೆ. ಎಲ್ಲ ದೀಪಗಳನ್ನೂ ಒಂದೇ ಛಾಯೆಗೆ ತಂದ ಮೇಲೆ ಬಣ್ಣ ಬಳಿಸದೆಯೇ ನಡುಮನೆಯ ಕಳೆ ಹೆಚ್ಚಿತು. ಚಿತ್ರ ತೆಗೆದವರು ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ನೇರವಾಗಿ ಇಟ್ಟು, ಗೋಡೆಯ ಗೆರೆಗಳು ವಾಲದಂತೆ ನೋಡಿಕೊಂಡರು. ಅತಿ ಅಗಲ ನೋಟದ ಮಸೂರ ಬಳಸಿ ಅಂಚುಗಳನ್ನು ಹಿಗ್ಗಿಸಿದ ಒಂದೆರಡು ಚಿತ್ರಗಳನ್ನು ನಾವು ತೆಗೆದುಹಾಕಿಸಿದೆವು. ಅದರ ಬದಲು ಲೇಸರ್ ಅಳತೆಗೋಲಿನಿಂದ ಗೋಡೆಯಿಂದ ಗೋಡೆಗೆ ಅಳೆದು ಸಿದ್ಧಪಡಿಸಿದ ನೆಲನಕ್ಷೆಯನ್ನು ಸೇರಿಸಿದ್ದರಿಂದ, ಬಂದವರಲ್ಲಿ ಹಲವರು ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು.

ಬೆಲೆ ನಿಗದಿಯ ಸಲಹೆ ಈ ಗುತ್ತಿಗೆಯ ಭಾಗವಾಗಿರಲಿಲ್ಲ, ಇರಬೇಕಾಗಿತ್ತು. ತಮ್ಮ ಬಳಿ ಇರುವ ವಸ್ತುವಿಗೆ ಜನರು ಹೆಚ್ಚು ಬೆಲೆ ಕಟ್ಟುತ್ತಾರೆ ಎಂಬುದು ಸಂಶೋಧಕರಾದ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡಿತ್ತು. ಆಗತಾನೆ ಕೈಗೆ ಬಂದ ಸಾಧಾರಣ ಲೋಟವೊಂದಕ್ಕೆ ಅದನ್ನು ಪಡೆದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ್ದರ ಸುಮಾರು ಎರಡು ಪಟ್ಟು. ಮಕ್ಕಳು ಬೆಳೆದ ಮನೆಗೆ ನಾವು ಎಷ್ಟು ಪಟ್ಟು ಕಟ್ಟುತ್ತೇವೆ ಎಂಬುದನ್ನು ಪಕ್ಷಪಾತವಿಲ್ಲದ ಮೌಲ್ಯಮಾಪಕರೊಬ್ಬರು ಹೇಳಬೇಕಾಗುತ್ತದೆ. ಅಂಥವರನ್ನು ನಾವು ಬೇರೆಯಾಗಿ ಗೊತ್ತುಮಾಡಿಕೊಳ್ಳಬೇಕಾಯಿತು.

ದಾಖಲೆಗಳ ಕಡತವನ್ನು ಅವರು ಮಾಡಿಕೊಟ್ಟ ರೀತಿ ಮಾದರಿಯಾಗಿದೆ. ಒಡೆತನದ ಪತ್ರ, ಅನುಮೋದಿತ ನಕ್ಷೆ, ತೆರಿಗೆಯ ರಸೀದಿಗಳು, ಸಾಲ ತೀರಿದ್ದಕ್ಕೆ ಪ್ರಮಾಣಪತ್ರ, ಉಪಕರಣಗಳ ಖಾತರಿ ಚೀಟಿಗಳು ಒಂದೆಡೆ ಸೇರಿದವು. ಅದಕ್ಕಿಂತ ಮುಖ್ಯವಾಗಿ, ಪತ್ರದಿಂದ ಪತ್ರಕ್ಕೆ ಹೆಸರಿನ ಕಾಗುಣಿತ ಬೇರೆಯಾಗಿದ್ದುದನ್ನೂ, ನಕ್ಷೆಯಲ್ಲಿಲ್ಲದ ಒಂದು ಗೋಡೆ ಮನೆಯಲ್ಲಿದ್ದುದನ್ನೂ ಅವರು ಗುರುತಿಸಿದರು. ಕೊಳ್ಳುವವರ ವಕೀಲರು ಕಂಡುಹಿಡಿದು ಮಾತುಕತೆ ಮುರಿಯುವ ಹಂತದಲ್ಲಿ ಇಂಥದ್ದನ್ನು ಸರಿಪಡಿಸಲು ಸಮಯವಿರುವುದಿಲ್ಲ.

ಈ ಸೇವೆಯನ್ನು ಪಡೆಯಬಯಸುವವರು ಇಡೀ ಗುತ್ತಿಗೆಗೆ ಒಮ್ಮೆಲೇ ಸಹಿ ಹಾಕದೆ, ತಪಾಸಣೆಯನ್ನು ಮತ್ತು ದಾಖಲೆಗಳ ಪರಿಶೀಲನೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ವರದಿ ಕೈಸೇರಿದ ಮೇಲೆ ಉಳಿದ ಕೆಲಸಗಳಲ್ಲಿ ಯಾವುದು ಬೇಕೆಂದು ತೀರ್ಮಾನಿಸಬೇಕು. ವಾಸವಿರುವ, ಸಾಮಾನುಗಳಿರುವ ಮನೆಗೆ ಬಾಡಿಗೆಯ ಪೀಠೋಪಕರಣ ಅಗತ್ಯವಿಲ್ಲ. ಪೂರ್ತಿ ಖಾಲಿಯಾದ ಮನೆಗೆ ಅದರಿಂದ ಸ್ವಲ್ಪ ಉಪಯೋಗವಾಗಬಹುದು. ತಪಾಸಣೆ ಮಾಡುವವರೇ ದುರಸ್ತಿಯ ಗುತ್ತಿಗೆಯನ್ನೂ ಹಿಡಿಯುವ ಏರ್ಪಾಟಿದ್ದರೆ ಎರಡನೆಯವರ ಅಭಿಪ್ರಾಯವನ್ನು ಕೇಳುವುದು ಒಳ್ಳೆಯದು. ಮನೆ ಕೊಳ್ಳುವವರಿಗೆ ವರದಿಯನ್ನು ಹಸ್ತಾಂತರಿಸುವ ಹಕ್ಕು ನಿಮಗಿದೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ನಮ್ಮ ಕರಾರಿನಲ್ಲಿ ಆ ಮಾತು ಇರಲಿಲ್ಲ, ಕೇಳಿದ ಮೇಲೆ ಸೇರಿಸಿಕೊಟ್ಟರು.