ಕನ್ನಡ ಬರಹವನ್ನು ಎಂಪಿ3 ಮಾಡಿ ಕೇಳೋರಿಗೆ: ಈಸ್ಪೀಕ್ ಎನ್‌ಜಿ ಹೇಗಿದೆ?

ಕನ್ನಡ ಬರಹವನ್ನು ಆಡಿಯೋ ಮಾಡಿ ಪುಟ್ಟ ಎಂಪಿ3 ಪ್ಲೇಯರ್‌ಗೆ ಹಾಕಿಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಈಸ್ಪೀಕ್ ಎನ್‌ಜಿ, ಬರಹವನ್ನು ಓದಿ ಹೇಳುವ ತಂತ್ರಾಂಶ. ದುಡ್ಡು ಬೇಡ, ನೆಟ್ ಬೇಡ, ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಅಂಧರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನು ಓದಿ ಹೇಳುವ ತಂತ್ರಾಂಶ) ಜೊತೆಗೇ ಇದು ಬರುತ್ತದೆ, ಹಾಗಾಗಿ ಎಷ್ಟೋ ಜನ ಈ ದನಿಯನ್ನು ಆಗಲೇ ಕೇಳಿರುತ್ತಾರೆ.

ದನಿ ಇಂಪಾಗಿದೆಯಾ? ಇಲ್ಲ. ಇದು ಬಹುಪಾಲು ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸುವ ಸದ್ದು, ಏರಿಳಿತ ಕಡಿಮೆ, ಕಥೆ ಕವಿತೆಗೆ ಖಂಡಿತ ಬೇಡ. ಆದರೆ ಪಾಠ, ಲೇಖನ, ಪರೀಕ್ಷೆಯ ನೋಟ್ಸ್ ಕೇಳೋಕೆ ಧಾರಾಳ ಸಾಕು, ಸ್ವಲ್ಪ ಹೊತ್ತಿಗೆ ಕಿವಿ ಹೊಂದಿಕೊಳ್ಳುತ್ತದೆ. ವೇಗ ನಿಮಿಷಕ್ಕೆ 175 ಪದ ಅಂತ ಇರುತ್ತದೆ, ಹೊಸಬರು 140ಕ್ಕೆ ಇಳಿಸಿಕೊಳ್ಳಿ. ಎಡ್ಜ್ ಬ್ರೌಸರ್‌ನಲ್ಲಿರುವ ಸಪ್ನಾ, ಗಗನ್ ದನಿಗಳು ಕೇಳೋಕೆ ಎಷ್ಟೋ ಚೆಂದ, ನಿಜ. ಆದರೆ ಅದಕ್ಕೆ ನೆಟ್ ಬೇಕು, ಓದಿದ್ದನ್ನು ಫೈಲ್ ಮಾಡಿ ಉಳಿಸೋ ಬಟನ್ನೂ ಅಲ್ಲಿಲ್ಲ.

ನಿಜವಾದ ಕೆಲಸ ಇರೋದು ಬರಹ ಸರಿಮಾಡೋದರಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ನಮ್ಮ ಕಣ್ಣಿಗಷ್ಟೇ ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಹಾಗೇ ಕೊಟ್ಟರೆ ಅರ್ಥವಿಲ್ಲದ ಗಲಾಟೆ ಕೇಳಿಸುತ್ತದೆ. ಮೊದಲು ಯೂನಿಕೋಡ್‌ಗೆ (ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರ ಪದ್ಧತಿ) ಬದಲಿಸಿ, ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ಪಿಡಿಎಫ್‌ನಿಂದ ತೆಗೆದದ್ದಾದರೆ ಪುಟದ ಸಂಖ್ಯೆ, ಮೇಲಿನ ತಲೆಬರಹ ಅಳಿಸಿ, ಇಲ್ಲದಿದ್ದರೆ ವಾಕ್ಯದ ನಡುವೆ ಸುಮ್ನೆ “ನಲವತ್ತೆರಡು” ಅಂತ ತೂರಿಕೊಳ್ಳುತ್ತದೆ. “ಡಾ.”, “ಕಿ.ಮೀ.” ಥರದ್ದನ್ನೆಲ್ಲ ಫೈಂಡ್-ರೀಪ್ಲೇಸ್‌ನಲ್ಲಿ ಪೂರ್ತಿ ಬರೆದುಬಿಡಿ. ಬೇಜಾರಿನ ಕೆಲಸವೇ, ಆದರೆ ಇಷ್ಟು ಮಾಡಿದರೆ ಅದೇ ದನಿ ಎಷ್ಟೋ ಸಹ್ಯ ಅನಿಸುತ್ತದೆ.

ಈಸ್ಪೀಕ್ ಕೊಡೋದು ವೇವ್ ಫೈಲ್, ಅಂದರೆ ಕುಗ್ಗಿಸದ ಆಡಿಯೋ, ಗಂಟೆಗೆ ಸುಮಾರು 160 ಎಂಬಿ. ಆಡಾಸಿಟಿ ಅನ್ನೋ ಉಚಿತ ಆಡಿಯೋ ತಂತ್ರಾಂಶದಲ್ಲಿ ಮೊನೊ (ಒಂದೇ ಚಾನೆಲ್), 32 ಕೆಬಿಪಿಎಸ್ ಎಂಪಿ3 ಮಾಡಿದರೆ 14 ಎಂಬಿ ಆಸುಪಾಸಿಗೆ ಇಳಿಯುತ್ತದೆ, ಮಾತಿಗೆ ಅಷ್ಟು ಸಾಕು. ಈಸ್ಪೀಕ್‌ನಲ್ಲಿ ಫೈಲ್ ಮಾಡೋಕೆ ಕಮಾಂಡ್ ಟೈಪ್ ಮಾಡಬೇಕು, ಅದು ಒಗ್ಗದವರಿಗೆ ಮಾತ್ರ ಶುರುವಿನಲ್ಲಿ ಕಿರಿಕಿರಿ, ಯಾರಾದರೂ ಒಮ್ಮೆ ಪಕ್ಕದಲ್ಲಿ ಕೂತು ತೋರಿಸಿದರೆ ಒಳ್ಳೇದು.

ಇನ್ನು ಪ್ಲೇಯರ್ ವಿಷಯ. ಅಗ್ಗದವು ಎಲ್ಲಿಗೆ ನಿಲ್ಲಿಸಿದ್ದೆವು ಅನ್ನೋದನ್ನು ಎಷ್ಟೋ ಸಲ ನೆನಪಿಟ್ಟುಕೊಳ್ಳೋದಿಲ್ಲ, ಅದಕ್ಕೆ ಹದಿನೈದಿಪ್ಪತ್ತು ನಿಮಿಷದ ತುಂಡುಗಳಾಗಿ ಮಾಡಿ. ಕನ್ನಡ ಹೆಸರು ಕೊಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ ಬರೀ ಚೌಕಗಳು ಕಾಣುತ್ತವೆ, 01, 02 ಅಂತ ಹಾಕಿಬಿಡಿ.