ರಕ್ತ ಹಾಕಿಸಿಕೊಂಡ ಮೇಲೆ ಬಂದ ಎಚ್‌ಬಿಎ1ಸಿ ಅಂಕಿಯನ್ನು ನಂಬಿ ಕೆಟ್ಟೆ

ಏಳು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ನನ್ನ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರಕ್ತಪರೀಕ್ಷೆ) ಎಂದೂ 7.5ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಶಸ್ತ್ರಚಿಕಿತ್ಸೆಯೊಂದರಲ್ಲಿ ಬಹಳ ರಕ್ತ ಹೋಗಿ, ಮೂರು ಬಾಟಲಿ ರಕ್ತ ಹಾಕಿಸಿಕೊಂಡು ಮನೆಗೆ ಬಂದ ಐದು ವಾರಗಳ ಬಳಿಕ ಪರೀಕ್ಷೆ ಮಾಡಿಸಿದಾಗ ಅದು 5.8 ಎಂದು ಬಂತು. ಆಸ್ಪತ್ರೆಯ ಪಥ್ಯದ ಫಲವೆಂದುಕೊಂಡು ಹಿಗ್ಗಿದೆ. ವರದಿ ನೋಡಿದ ವೈದ್ಯರೂ ಒಂದು ಮಾತ್ರೆಯನ್ನು ನಿಲ್ಲಿಸಿದರು. ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಅವರು ಕೇಳಲಿಲ್ಲ. ಇವೆರಡಕ್ಕೂ ಸಂಬಂಧವಿರಬಹುದೆಂದು ಹೊಳೆಯದೆ ನಾನೂ ಹೇಳಲಿಲ್ಲ.

ಮನೆಯ ಗ್ಲೂಕೋಮೀಟರ್ ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 170, 185 ಎಂದು ತೋರಿಸುತ್ತಲೇ ಇತ್ತು. ಯಂತ್ರ ಹಳತಾಯಿತೆಂದು ಅದನ್ನೇ ದೂರಿದೆ. ಹಾಗೆ ದೂರಲು ನನಗೊಂದು ಆಧಾರವೂ ಇತ್ತು: ಪ್ರಯೋಗಾಲಯದ ವರದಿಯಲ್ಲಿ 5.8ರ ಕೆಳಗೆ ‘ಅಂದಾಜು ಸರಾಸರಿ ಗ್ಲೂಕೋಸ್ 120’ ಎಂದು ಅಚ್ಚಾಗಿತ್ತು. ಅದು ಬೇರೆಯಾಗಿ ಅಳೆದ ಅಂಕಿ ಎಂದು ತಿಳಿದಿದ್ದೆ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಬರುವ ಲೆಕ್ಕವಷ್ಟೇ ಅದು ಎಂಬುದು ಆಮೇಲೆ ಗೊತ್ತಾಯಿತು. ಇಬ್ಬರು ಸಾಕ್ಷಿಗಳೆಂದು ನಾನು ನಂಬಿದ್ದು ಒಬ್ಬನನ್ನೇ, ಅವನೂ ದಾರಿ ತಪ್ಪಿದವನು.

ಎರಡು ತಿಂಗಳು ಕಳೆಯುವಷ್ಟರಲ್ಲಿ ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳಬೇಕಾಯಿತು, ಓದುವ ಅಕ್ಷರ ಮಸುಕಾಯಿತು. ಬೇರೊಬ್ಬ ವೈದ್ಯರು ರಕ್ತನಾಳದಿಂದ ರಕ್ತ ತೆಗೆಸಿ ನೋಡಿದಾಗ ಖಾಲಿ ಹೊಟ್ಟೆಯ ಸಕ್ಕರೆ 212, ಊಟದ ಎರಡು ಗಂಟೆಯ ನಂತರ 318 ಇತ್ತು. ಹಳೆಯ ವರದಿಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯೇ ರಕ್ತ ಹಾಕಿಸಿಕೊಂಡಿದ್ದರ ಬಗ್ಗೆ.

ಅವರು ವಿವರಿಸಿದ್ದು ಇಷ್ಟು. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಮೆಲ್ಲಗೆ ಅಂಟುತ್ತಾ ಹೋಗುತ್ತದೆ. ಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ, ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಶೇಕಡಾ ಎಷ್ಟಿದೆ ಎಂಬುದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಹೇಳುತ್ತದೆ. ನನ್ನ ಮೈಯಲ್ಲಿ ಆಗ ಹರಿಯುತ್ತಿದ್ದ ಕಣಗಳಲ್ಲಿ ಒಂದು ಪಾಲು ಮಧುಮೇಹವಿಲ್ಲದ ದಾನಿಗಳದು, ಇನ್ನೊಂದು ಪಾಲು ಹೋದ ರಕ್ತವನ್ನು ತುಂಬಲು ಆಗಷ್ಟೇ ಹುಟ್ಟಿದ್ದು. ಸಕ್ಕರೆ ಅಂಟಲು ಕಾಲವೇ ಸಿಗದ ಕಣಗಳು ಸರಾಸರಿಯನ್ನು ಕೆಳಗೆಳೆದಿದ್ದವು. ಪ್ರಯೋಗಾಲಯದ ಅಳತೆಯಲ್ಲಿ ತಪ್ಪಿರಲಿಲ್ಲ; ಆ ಹೊತ್ತಿನಲ್ಲಿ ಆ ಪರೀಕ್ಷೆಯನ್ನು ಆಯ್ದುಕೊಂಡದ್ದೇ ತಪ್ಪು.

ರಕ್ತಕಣಗಳು ಬೇಗ ಒಡೆಯುವ ಕಾಯಿಲೆ ಇರುವವರಿಗೂ ಅಂಕಿ ಹೀಗೆಯೇ ಸುಳ್ಳಾಗಿ ಇಳಿಯಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇದಕ್ಕೆ ವಿರುದ್ಧವಾಗಿ ಏರಬಹುದು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುವುದರಿಂದ, ಅಂಥವರು ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಮಾಡಿಸದೆ ಕಾಯಿಲೆಯ ಹಣೆಪಟ್ಟಿ ಹಚ್ಚಿಕೊಳ್ಳಬಾರದು. ರಕ್ತ ಹಾಕಿಸಿಕೊಂಡಿದ್ದರೆ, ಕಬ್ಬಿಣದ ಮಾತ್ರೆ ಶುರುಮಾಡಿದ್ದರೆ, ವೈದ್ಯರು ಕೇಳದಿದ್ದರೂ ಹೇಳಿ. ಮೀಟರಿಗೂ ವರದಿಗೂ ತಾಳೆಯಾಗದಿದ್ದರೆ ಯಾವುದೋ ಒಂದನ್ನು ಸುಳ್ಳೆಂದು ನೀವೇ ತೀರ್ಮಾನಿಸದೆ ಎರಡನ್ನೂ ಅವರ ಮುಂದಿಡಿ.

ಮುಂದಿನ ಮೂರು ತಿಂಗಳು ನನಗೆ ಎಚ್‌ಬಿಎ1ಸಿ ಮಾಡಿಸಲಿಲ್ಲ. ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯ ಜೊತೆಗೆ, ಎರಡು ಮೂರು ವಾರಗಳ ಮಟ್ಟವನ್ನು ತಿಳಿಸುವ ಫ್ರಕ್ಟೋಸಮೀನ್ ಪರೀಕ್ಷೆಯ ಆಧಾರದ ಮೇಲೆ ಔಷಧ ಹೊಂದಿಸಿದರು. ಆಮೇಲೆ ಮಾಡಿಸಿದ ಎಚ್‌ಬಿಎ1ಸಿ 7.9 ಬಂತು, ಈ ಬಾರಿ ಅದು ಮೀಟರಿನ ಅಂಕಿಗಳಿಗೆ ಹೊಂದುತ್ತಿತ್ತು.